ಮಂಚದ ಕೆಳಗಿನ ಕಲ್ಲಂಗಡಿ

ಬೀಗರು ಬರುವ ದಿನವಾಗಿದ್ದರೂ ಆ ಬೆಳಗು ಎಂದಿನಂತೆಯೇ ಶುರುವಾಗಿತ್ತು. ಮೊದಲು ಅಂಗಳಕ್ಕೆ ನೀರು ಬೀಳುವ ಸಪ್ಪಳ, ಹಿಂದೆಯೇ ಕಸಬರಿಗೆಯದು, ಅದರ ಹಿಂದೆ ಅವ್ವನ ಬಳೆಗಳದು. ರೈಸ್ ಮಿಲ್ಲುಗಳಿಂದ ರಾತ್ರಿಯೆಲ್ಲ ಹಾರಿ ಬಂದ ಹೊಟ್ಟಿನ ಬೂದಿ ನಮ್ಮ ಸಿಂಧನೂರಿನ ಮನೆಯ ಕಟ್ಟೆಯ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು. ಅವ್ವ ಅದನ್ನು ಒದ್ದೆ ಅರಿವೆಯಿಂದ ಒರೆಸಿ, ಬಾಗಿಲ ಮುಂದೆ ರಂಗೋಲಿ ಎಳೆದು, ಚಹಾಕ್ಕೆ ನೀರಿಡುವಷ್ಟರಲ್ಲಿ ಅಪ್ಪ ಅಂಗಡಿಯ ಕೀಲಿಕೈ ಹುಡುಕಲು ಶುರುಮಾಡಿರುತ್ತಿದ್ದ. ಅಪ್ಪನದು ಬಾಂಡೆ ಅಂಗಡಿ. ಹಿತ್ತಾಳೆ, ತಾಮ್ರ, ಆಗಷ್ಟೇ ಎಲ್ಲರ ಮನೆಗೆ ನುಗ್ಗುತ್ತಿದ್ದ ಸ್ಟೀಲು. ಬೇಸಿಗೆ ರಜೆಯಲ್ಲಿ ಎದ್ದ ಕೂಡಲೇ ನನ್ನ ಪಾಲಿಗೆ ಒಂದು ಕೆಲಸವಿತ್ತು. ಹಣ್ಣಿನ ಕೋಣೆಯ ಕಿಟಕಿಗೆ ಕಟ್ಟಿದ ಗೋಣಿಚೀಲಕ್ಕೆ ನೀರು ಚಿಮುಕಿಸುವುದು. ಚೀಲ ತೊಯ್ಯಬೇಕು, ಆದರೆ ಒಂದು ಹನಿಯೂ ಒಳಗೆ ಸಿಡಿಯಬಾರದು. ಸಿಡಿದರೆ ಹಣ್ಣಿಗೆ ತಾಗುತ್ತದೆ, ತೊಯ್ದ ಹಣ್ಣು ಬಾಳುವುದಿಲ್ಲ ಎನ್ನುವುದು ಆಯಿಯ ಕಟ್ಟಳೆ. ಆಯಿ ಎಂದರೆ ಅಪ್ಪನ ತಾಯಿ. ಆ ಮನೆಯಲ್ಲಿ ದೇವರ ಕೋಣೆಗೆ ಯಾರು ಬೇಕಾದರೂ ಹೋಗಬಹುದಿತ್ತು, ಹಣ್ಣಿನ ಕೋಣೆಗೆ ಮಾತ್ರ ಆಯಿಯನ್ನು ಕೇಳಿಯೇ ಹೋಗಬೇಕಾಗಿತ್ತು.

ಅದು ಪಡಸಾಲೆಯ ಹಿಂದಿನ ಕತ್ತಲ ಕೋಣೆ. ಒಂದು ಗೋಡೆ ಪಕ್ಕದ ಶಾರದಕ್ಕನ ಮನೆಯೊಂದಿಗೆ ಕೂಡಿತ್ತು, ಇನ್ನೊಂದರಲ್ಲಿ ತಲೆ ತೂರದಷ್ಟು ಸಣ್ಣ ಕಿಟಕಿ. ನಡುವೆ ನಾನು ಕಾಣದ ಅಜ್ಜನ ತೇಗದ ಮಂಚ. ಮಂಚದ ಮೇಲೆ ಯಾರೂ ಮಲಗುತ್ತಿರಲಿಲ್ಲ. ಅದರ ಕೆಳಗೆ ಹಣ್ಣುಗಳು ಮಲಗುತ್ತಿದ್ದವು. ಮಸ್ಕಿಯ ಹಳ್ಳದಿಂದ ಚೀಲದಲ್ಲಿ ತುಂಬಿ ತಂದ ಉಸುಕನ್ನು ನೆಲದ ಮೇಲೆ ಹರವಿ, ಅದರೊಳಗೆ ಪ್ರತಿ ಹಣ್ಣಿಗೂ ಅಂಗೈಯಿಂದ ಒಂದು ತಗ್ಗು ಮಾಡಿ, ಹೊಲದಲ್ಲಿ ಯಾವ ಮಗ್ಗುಲಾಗಿ ಮಲಗಿತ್ತೋ ಅದೇ ಮಗ್ಗುಲಾಗಿ ಆಯಿ ಇಡುತ್ತಿದ್ದಳು. ನೆಲ ತಾಗಿದ ಕಡೆ ಹಣ್ಣಿಗೆ ಹಳದಿ ಹೊಟ್ಟೆ ಇರುತ್ತದಲ್ಲ, ಆ ಹೊಟ್ಟೆ ಕೆಳಗೇ ಬರಬೇಕು. ಒಂದಕ್ಕೊಂದು ತಾಗಬಾರದು. ಉಳ್ಳಾಗಡ್ಡಿಯ ಬುಟ್ಟಿ ಆ ಹೊಸ್ತಿಲು ದಾಟಬಾರದು. ದಿನವೂ ಜಳಕ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಒದ್ದೆ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಆಯಿ ಒಳಗೆ ಹೋಗಿ ಕೂಡುತ್ತಿದ್ದಳು. ಒಂದೊಂದು ಹಣ್ಣಿನ ತಲೆಯನ್ನೂ ಮುಟ್ಟಿ ಬರುತ್ತಿದ್ದಳು, ನಿದ್ದೆಯಲ್ಲಿರುವ ಮಕ್ಕಳಿಗೆ ಜ್ವರ ಬಂದಿದೆಯೋ ಎಂದು ನೋಡುವ ಹಾಗೆ. ಹೊರಗೆ ಬಿಸಿಲು ಕಾದ ಹಂಚಾಗಿದ್ದಾಗಲೂ ಆ ಕೋಣೆಯಲ್ಲಿ ತೊಯ್ದ ಗೋಣಿಯ, ಹಳ್ಳದ ಉಸುಕಿನ, ಇನ್ನೂ ಒಡೆಯದ ಸಿಹಿಯ ತಣ್ಣನೆಯ ವಾಸನೆ ಇರುತ್ತಿತ್ತು. ಇಂದು ಯಾವ ಫ್ರಿಜ್ಜಿನ ಬಾಗಿಲು ತೆರೆದರೂ ನನಗೆ ಆ ವಾಸನೆ ಸಿಕ್ಕಿಲ್ಲ.

ಫ್ರಿಜ್ಜು ಆಗ ನಮ್ಮ ಓಣಿಗೆ ಒಂದೇ ಇತ್ತು, ಶಾರದಕ್ಕನ ಮನೆಯಲ್ಲಿ. ಅವರದು ಗದ್ದೆ ಇದ್ದ ಮನೆ. ಹಿತ್ತಲಲ್ಲಿ ಎಮ್ಮೆ, ಪಡಸಾಲೆಯಲ್ಲಿ ಫ್ರಿಜ್ಜು. ಫ್ರಿಜ್ಜಿನ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು. ಒಮ್ಮೆ ಅವರು ಪ್ರೀತಿಯಿಂದ ನಮ್ಮ ಹಣ್ಣಿನ ಅರ್ಧ ಹೋಳನ್ನು ಒಯ್ದು ಅದರಲ್ಲಿಟ್ಟು ಸಂಜೆ ತಂದುಕೊಟ್ಟಿದ್ದರು. ಆಯಿ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ನುಂಗಲಿಲ್ಲ. ಆಮೇಲೆ ಅಂದಿದ್ದಳು:

"ತಣ್ಣಗ ಐತೆವಾ ಶಾರದಾ. ಆದ್ರ ಹಣ್ಣಿಗಿ ಬೆಳ್ಳುಳ್ಳಿ ಚಟ್ನಿ ಜೋಡಿ ಮಲಗಿ ಬಂದಂಗ ಆಗೇತಿ."

ನಮ್ಮಲ್ಲಿ ತಂಪು ಮಾಡುವ ಕ್ರಮವೇ ಬೇರೆ. ಇಂದು ತಿನ್ನುವ ಹಣ್ಣನ್ನು ಬಿಸಿಲೇರುವ ಮೊದಲೇ ಆರಿಸಿ, ಹಿತ್ತಲಿನ ಹೌಜಿನಲ್ಲಿ ಮುಳುಗಿಸಬೇಕು. ಕಲ್ಲಿನ ಹೌಜು, ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡ ನೀರು. ಹಣ್ಣು ತೇಲುತ್ತದೆ, ಅದಕ್ಕೆ ಒದ್ದೆ ಟವೆಲ್ಲು ಹೊದಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಹೊರತೆಗೆದು ಪಡಸಾಲೆಯ ನಡುವಿಟ್ಟು ಕೊಯ್ಯಬೇಕು. ಕೆಂಪು ನಮಗೆ, ಬೀಜ ತೊಳೆದು ಮಾಳಿಗೆಯ ಮೇಲೆ ಒಣಗಿಸಿ ಉಪ್ಪು ಹಚ್ಚಿ ಹುರಿಯಲಿಕ್ಕೆ, ಬಿಳಿ ತಿರುಳು ಮರುದಿನ ಶೇಂಗಾ ಪುಡಿ ಹಾಕಿ ಪಲ್ಯಕ್ಕೆ, ಹಸಿರು ಸಿಪ್ಪೆ ಶಾರದಕ್ಕನ ಎಮ್ಮೆಗೆ. ಇಷ್ಟೆಲ್ಲ ಆದ ಮೇಲೆ ಒಂದು ಹಣ್ಣು ಮುಗಿಯಿತು ಎಂದರ್ಥ.

ಆರಿಸುವುದು ಎರಡು ಸಲ ನಡೆಯುತ್ತಿತ್ತು. ಮೊದಲನೆಯದು ಮಸ್ಕಿಯಲ್ಲಿ, ಆಯಿಯ ತವರಿನಲ್ಲಿ. ಬೇಸಿಗೆಗೆ ಹಳ್ಳ ಬತ್ತಿದರೆ ಅವಳ ತಮ್ಮನ ಮನೆಯವರು ಉಸುಕಿನೊಳಗೆ ಗುಂಡಿ ತೋಡಿ ಬಳ್ಳಿ ಹಬ್ಬಿಸುತ್ತಿದ್ದರು. ಆಯಿ ಚಪ್ಪಲಿ ದಂಡೆಯ ಮೇಲೆ ಬಿಟ್ಟು ಉಸುಕಿಗೆ ಇಳಿದಳೆಂದರೆ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ಸಿಂಧನೂರಿನ ಮನೆಯಲ್ಲಿ ಗೋಡೆ ಹಿಡಿದು ನಡೆಯುವವಳು ಅಲ್ಲಿ ಬಳ್ಳಿ ತುಳಿಯದಂತೆ ಹುಡುಗಿಯ ಹಾಗೆ ಹಾರಿ ಹಾರಿ ದಾಟುತ್ತಿದ್ದಳು. ತೊಟ್ಟಿನ ಪಕ್ಕದ ಸುರುಳಿ ಕುಡಿ ಒಣಗಿದೆಯೇ, ಹೊಟ್ಟೆಯ ಹಳದಿ ಬೆಣ್ಣೆಯ ಬಣ್ಣಕ್ಕೆ ತಿರುಗಿದೆಯೇ, ಮೈಯ ಮಿರುಗು ಹೋಗಿ ಬೂದಿ ಒರೆಸಿದಂತಾಗಿದೆಯೇ, ನೋಡಿದ್ದಕ್ಕಿಂತ ಎತ್ತಿದಾಗ ಭಾರವಿದೆಯೇ. "ಮಿಂಚೋ ಹಣ್ಣು ಇನ್ನ ಹುಡುಗಾಟದ್ದು, ಅದಕ್ಕ ಮನಿ ಮಾತು ತಿಳಿಯಂಗಿಲ್ಲ," ಎನ್ನುತ್ತಿದ್ದಳು. ಆರಿಸಿದ್ದನ್ನು ಹೊಟ್ಟು ತುಂಬಿದ ಚೀಲದಲ್ಲಿಟ್ಟು ಬಸ್ಸಿಗೆ ಏರಿಸುವುದು. ಮಸ್ಕಿಯ ಬಸ್ಸಿನ ಕಂಡಕ್ಟರುಗಳಿಗೆಲ್ಲ ಆಯಿಯ ಚೀಲ ಗೊತ್ತಿತ್ತು. ಆ ಚೀಲ ವರ್ಷವಿಡೀ ನಮ್ಮ ತಲೆಬಾಗಿಲ ಪಕ್ಕದ ಗೂಟಕ್ಕೆ ನೇತಾಡುತ್ತಿತ್ತು. ನಾವದನ್ನು ಮಸ್ಕಿ ಚೀಲ ಎನ್ನುತ್ತಿದ್ದೆವು.

ಎರಡನೆಯ ಆರಿಸುವಿಕೆ ಮನೆಯಲ್ಲಿ, ಮಂಚದ ಕೆಳಗೆ. ತಂದ ಹಣ್ಣೆಲ್ಲ ಒಂದೇ ದಿನ ಪಕ್ವವಾಗಿರುವುದಿಲ್ಲ. ಇವತ್ತಿನದು ಯಾವುದು, ಇನ್ನೊಂದು ವಾರ ತಡೆಯುವುದು ಯಾವುದು ಎಂದು ಬಾರಿಸಿ ತಿಳಿಯಬೇಕು. ನಾನು ಕಾನ್ವೆಂಟಿಗೆ ಸೇರುವ ಮೊದಲೇ ಕಲಿತ ಪಾಠ ಇದು. ಆಯಿ ನನ್ನದೇ ಬೆರಳನ್ನು ನನ್ನದೇ ಮೈಮೇಲೆ ಬಾರಿಸಿ ಕಲಿಸಿದ್ದಳು. ಹಣೆಯ ಮೇಲೆ ಬಡಿದರೆ ಬರುವ ಸಪ್ಪಳ ಕಾಯಿಯದು. ಎದೆಯ ಮೇಲಿನದು ಹಣ್ಣಿನದು. ಹೊಟ್ಟೆಯ ಮೇಲಿನದು ಕಳಿತು ಹೋದದ್ದರದು. ಸ್ಕೂಲಿನ ಇಂಗ್ಲಿಷ್ ಪುಸ್ತಕದಲ್ಲಿ ಬೀಜವೇ ಇಲ್ಲದ ಕೆಂಪು ಹೋಳಿನ ಚಿತ್ರವಿತ್ತು. ಅದನ್ನು ತೋರಿಸಿದಾಗ ಆಯಿ ಕನ್ನಡಕ ಏರಿಸಿ ನೋಡಿ, "ಬೀಜ ಇಲ್ಲದ್ದು ಮುಂದಿನ ವರ್ಷ ಹ್ಯಾಂಗ ಹುಟ್ಟತೈತಿ? ನಿಮ್ಮ ಸಿಸ್ಟರಿಗಿ ಕೇಳು," ಅಂದಿದ್ದಳು. ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕೇಳಿದ್ದಕ್ಕೆ ಉತ್ತರ ಹೇಳುವುದನ್ನು ಕಲಿಸಿದ್ದರು. ಆಯಿಯ ಪ್ರಶ್ನೆಗಳು ಅಲ್ಲಿಗೆ ಹೊಂದುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಆಯಿಯ ಕಿವಿ ಮಂದವಾಗಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅವಳು ಮಾತಾಡುವವರ ಬಾಯಿಯನ್ನೇ ನೋಡುತ್ತಿದ್ದಳು. ನಗುವವರ ಜೊತೆ ಸ್ವಲ್ಪ ತಡವಾಗಿ ನಗುತ್ತಿದ್ದಳು. ಇನ್ನೊಂದು ಸಂಗತಿ ನಾನು ಮಾತ್ರ ಕಂಡಿದ್ದೆ. ಬೆಳಗ್ಗೆ ಆಯಿ ಮಂಚದ ಮುಂದೆ ಕೂತು ಹಣ್ಣು ಬಾರಿಸುವಾಗ ಅವ್ವ ಏನೋ ನೆಪ ಮಾಡಿಕೊಂಡು ಹಿಂದೆ ಬಂದು ನಿಲ್ಲುತ್ತಿದ್ದಳು. ಎದೆಯ ಸಪ್ಪಳ ಬಂದ ಗಳಿಗೆಗೆ, ನೆಲದ ಮೇಲೆ ಹರಡಿದ ಆಯಿಯ ಸೆರಗಿನ ಅಂಚನ್ನು ಕಾಲ್ಬೆರಳಿನಿಂದ ಒಂದಿಷ್ಟು ಜಗ್ಗುತ್ತಿದ್ದಳು. ಆಯಿ ತಲೆದೂಗಿ, "ಇದ ನೋಡವಾ ಇವತ್ತಿನದು," ಎಂದು ಅದನ್ನೇ ಎತ್ತುತ್ತಿದ್ದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೈ ಅತ್ತೆಯದು, ಕಿವಿ ಸೊಸೆಯದು. ಹಾಗೆ ಆ ಮನೆಯಲ್ಲಿ ದಿನವೂ ಒಂದು ಹಣ್ಣು ಕೆಂಪಾಗಿ ಬರುತ್ತಿತ್ತು.

ಬೀಗರ ದಿನ ಬೆಳಗ್ಗೆ ಚಹಾ ಕುಡಿಯುತ್ತ ಅಪ್ಪ ಆಯಿಯ ಕಿವಿಯ ಹತ್ತಿರ ಬಾಗಿ ದೊಡ್ಡ ದನಿಯಲ್ಲಿ ಅಂದ:

"ಅವ್ವಾ, ನಿನ್ನಿ ಬರೋವಾಗ ಗಾಡಿಯವನ ಹತ್ರ ಒಂದು ಹಣ್ಣು ತಂದೀನಿ. ಚೌಕ ಕೊರದು ತೋರಿಸ್ಯಾನ, ಕುಂಕುಮದಂಗ ಐತಿ ಒಳಗ. ಬೀಗರಿಗಿ ಅದನ್ನ ಕೊಯ್ಯೋಣು."

"ಒದರಬ್ಯಾಡ, ಕೇಳಸತೈತಿ," ಆಯಿ ಬಸಿಯನ್ನು ಕೆಳಗಿಟ್ಟಳು. "ಗಾಯ ಮಾಡಿದ ಹಣ್ಣು ಬೀಗರ ಮುಂದ ಇಡ್ತಾರೇನ? ನಿನ್ನ ಅಂಗಡ್ಯಾಗ ಕೊಡ ಕೊಳ್ಳಾಕ ಬಂದೋರಿಗಿ ಬಾರಿಸಿ ತೋರಸ್ತೀಯೋ, ತೂತ ಹೊಡದು ತೋರಸ್ತೀಯೋ?"

ಒಲೆಯ ಮುಂದೆ ಅವ್ವ ಸೆರಗು ಬಾಯಿಗೆ ಹಿಡಿದಳು. ಅಪ್ಪನಿಗೂ ನಗು ಬಂತು, ಆದರೆ ಅವನು ಇನ್ನೊಂದು ಮಾತಿಗೆ ಸಿದ್ಧನಾಗಿ ಕೂತಿದ್ದ.

"ಕೊಡದ ಮಾತು ಬ್ಯಾರೆ. ಹೋದ ವಾರ ಮಸ್ಕಿ ಬಸ್‌ಸ್ಟ್ಯಾಂಡಿನ್ಯಾಗ ಏನಾತು ಅನ್ನೋದು ನನಗ ತಿಳದೈತಿ."

ಆದದ್ದು ಇಷ್ಟು. ಆಯಿ ಒಬ್ಬಳೇ ಹೋಗಿದ್ದಳು. ಬಸ್ಸು ಹಿಂದಕ್ಕೆ ಬರುತ್ತಿತ್ತು, ಹಾರ್ನು ಹೊಡೆದರೂ ಅವಳಿಗೆ ಕೇಳಿಸಲಿಲ್ಲ. ಬುಟ್ಟಿ ಮಾರುವ ಹೆಂಗಸೊಬ್ಬಳು ತೋಳು ಹಿಡಿದು ಜಗ್ಗಿದಳು. ಆಯಿ ಉಳಿದಳು, ಕೈಯಲ್ಲಿದ್ದ ಹಣ್ಣು ಬಿದ್ದು ಒಡೆಯಿತು. ಮನೆಗೆ ಬಂದು ಆಯಿ ಈ ಸುದ್ದಿ ಎತ್ತಿರಲಿಲ್ಲ. ಮಸ್ಕಿಯಿಂದ ಅಂಗಡಿಗೆ ಬಂದ ಯಾರೋ ಅಪ್ಪನಿಗೆ ಹೇಳಿದ್ದರು. ಅಪ್ಪ ಎದ್ದು ಗೂಟದಿಂದ ಮಸ್ಕಿ ಚೀಲ ತೆಗೆದ, ಮಡಚಿದ, ಅಡುಗೆಮನೆಯ ಅಟ್ಟದ ಮೇಲೆ ಹಳೆಯ ಹಂಡೆಯ ಹಿಂದೆ ಇಟ್ಟುಬಿಟ್ಟ. ಸಿಟ್ಟಿನಿಂದಲ್ಲ. ಮತ್ತೆ ಆಯಿಯ ಹತ್ತಿರವೇ ಬಂದು ಕೂತ.

"ಹಣ್ಣು ಇಲ್ಲೇ ಸಿಗತಾವು ಅವ್ವಾ. ಇನ್ನ ಮಸ್ಕಿ ಬ್ಯಾಡ."

ಆಯಿ ಬರಿದಾದ ಗೂಟದ ಕಡೆ ನೋಡಿದಳು. ತವರಿಗೆ ಹೋಗಲು ಅವಳಿಗೆ ಬೇರೆ ನೆಪವಿರಲಿಲ್ಲ. ತಮ್ಮನನ್ನು ನೋಡಬೇಕು ಎಂದು ಬಾಯಿಬಿಟ್ಟು ಹೇಳುವವಳಲ್ಲ; ಹಣ್ಣು ತರಬೇಕು ಎಂದೇ ಹೋಗುತ್ತಿದ್ದಳು. ಕೊನೆಗೆ ಅಂದಳು:

"ಆತು. ಬೀಗರ ಮುಂದ ಎರಡೂ ಕೊಯ್ಯೋಣು, ನಿಂದೂ ನಂದೂ. ನಂದು ಬೆಳ್ಳಗ ಬಂದ್ರ ಮಸ್ಕಿ ಮಾತು ಎತ್ತಂಗಿಲ್ಲ. ನಂದು ಛಲೋ ಬಂದ್ರ ಚೀಲ ನೀನ ಇಳಸಬೇಕು."

ಅವ್ವ ಹೋಳಿಗೆಯ ಹೂರಣಕ್ಕೆ ಕೈ ಹಾಕಿಬಿಟ್ಟಿದ್ದಳು. ಹೂರಣ ಬಿಟ್ಟು ಏಳುವಂತಿಲ್ಲ, ಹಣ್ಣು ಹೌಜಿಗೆ ಬೀಳಲು ತಡಮಾಡುವಂತಿಲ್ಲ. ಅವಳು ಕಣ್ಣಿನಲ್ಲೇ ನನ್ನನ್ನು ಕರೆದಳು.

"ಸುಮ್ಮಿ, ಆಯಿ ಹಣ್ಣು ಬಾರಸ್ತಾಳ, ನೀ ಹೋಗಿ ಹಿಂದ ನಿಂದ್ರು. ಎದಿ ಸಪ್ಪಳ ಬಂದ್ರ ಸೆರಗ ಒಂಚೂರು ಜಗ್ಗು. ಹಣಿ ಸಪ್ಪಳ ಬಂದ್ರ ಸುಮ್ನಿರು. ಆಯಿಗಿ ಮಾತ್ರ ಗೊತ್ತಾಗಬಾರದು ನೋಡು, ನೊಂದ್ಕೊಂತಾಳ."

ಹೂರಣದ ಕೈ ಎತ್ತಿ, ಮೊಣಕೈಯಿಂದ ನನ್ನ ಬೆನ್ನು ನೂಕಿದಳು.

ಕೋಣೆಯಲ್ಲಿ ಆಯಿ ಆಗಲೇ ಕೂತಿದ್ದಳು. ನಾನು ಹಿಂದೆ ನಿಂತೆ. ಮೊದಲನೆಯದು ಹಣೆ. ಎರಡನೆಯದೂ ಹಣೆಯೇ. ಮೂರನೆಯದರ ಮೇಲೆ ಅವಳ ಬೆರಳು ಬಿದ್ದಾಗ ಬಂದ ಸಪ್ಪಳ ಎದೆಯದೋ ಹೊಟ್ಟೆಯದೋ ನನಗೆ ತಿಳಿಯಲಿಲ್ಲ. ಆದದ್ದಾಗಲಿ ಎಂದು ಕಾಲ್ಬೆರಳಿನಿಂದ ಸೆರಗು ಜಗ್ಗಿದೆ. ಆಯಿ ಆ ಹಣ್ಣನ್ನು ಎತ್ತಲಿಲ್ಲ. ತಿರುಗಿಯೂ ನೋಡದೆ ಅಂದಳು:

"ನಿಮ್ಮವ್ವ ಇಷ್ಟು ಜೋರ ಜಗ್ಗಂಗಿಲ್ಲ."

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಆಯಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಅವಳ ಮುಖದಲ್ಲಿ ನಗುವಿತ್ತು.

"ನಿನಗ ಗೊತ್ತಿತ್ತಾ ಆಯಿ?"

ನನ್ನ ತುಟಿಗಳನ್ನು ನೋಡಿ ತಿಳಿದುಕೊಂಡಳು. "ಸೆರಗು ನಂದು, ಜಗ್ಗಿದ್ರ ನನಗ ಗೊತ್ತಾಗಂಗಿಲ್ಲೇನ? ಕೈ ಇಲ್ಲಿ ಕೊಡು. ಕೇಳಬ್ಯಾಡ. ಹಿಡಿ."

ಮೂರನೆಯ ಹಣ್ಣಿನ ಅಡಿಗೆ, ಉಸುಕಿನೊಳಗೆ, ನನ್ನ ಎಡ ಅಂಗೈಯನ್ನು ತೂರಿಸಿದಳು. ಮೇಲಿನಿಂದ ತಾನು ಬಾರಿಸಿದಳು. ಕೆಳಗಿದ್ದ ನನ್ನ ಅಂಗೈಗೆ ಏನೂ ಬರಲಿಲ್ಲ. ಏಟನ್ನು ಹಣ್ಣು ನುಂಗಿಬಿಟ್ಟಿತು. "ಕಳತೈತಿ," ಅಂದಳು. ಮೊದಲಿನ ಹಣ್ಣಿಗೆ ಹಿಡಿಸಿದಳು. ಏಟು ಮೇಲೇ ನಿಂತಿತು, ಕಲ್ಲಿಗೆ ಬಡಿದಂತೆ. "ಕಾಯಿ." ಆಮೇಲೆ ಮೂಲೆಯಲ್ಲಿದ್ದ ಒಂದು ಹಣ್ಣು. ನೋಡಲು ಚೆಂದವೇನಿಲ್ಲ, ಒಂದು ಕಡೆ ಸೊಟ್ಟ, ಮೈಮೇಲೆ ಒಣಗಿದ ಗೀರು. ಆಯಿಯ ಬೆರಳು ಬಿದ್ದ ಕೂಡಲೇ ಅಂಗೈಯಲ್ಲಿ ಸಣ್ಣ ನಡುಕ ಹರಿದು ಮೊಣಕೈಯವರೆಗೆ ಬಂತು. ಬಸ್ಸಿನ ಕಿಟಕಿಯ ಕಂಬಿ ಹಿಡಿದಾಗ ಎಂಜಿನ್ನು ಅಂಗೈಗೆ ಬರುತ್ತದಲ್ಲ, ಹಾಗೆ. ನಾನು ಇಷ್ಟು ವರ್ಷ ನೋಡಿದ್ದೆ, ಬಾರಿಸುವಾಗ ಆಯಿಯ ಎಡಗೈ ಯಾವಾಗಲೂ ಹಣ್ಣಿನ ಅಡಿಯಲ್ಲೇ ಇರುತ್ತಿತ್ತು. ಉರುಳದ ಹಾಗೆ ಹಿಡಿದಿದ್ದಾಳೆ ಎಂದುಕೊಂಡಿದ್ದೆ.

"ಮತ್ತ ಅವ್ವ ಜಗ್ಗಿದಾಗ ಅದನ್ನ ಎತ್ತತಿದ್ದಿ?"

"ಅಕಿ ಜಗ್ಗಿದ್ದು ನನ್ನ ಕೈಗೂ ಸರಿ ಬಂದಾಗ ಎತ್ತತಿದ್ದೆ. ಸರಿ ಬರಲಿಲ್ಲಂದ್ರ ಕೆಮ್ಮಿ ಮುಂದಿಂದು ಬಾರಸ್ತಿದ್ದೆ. ಮೊದಮೊದಲ ಭಾಳ ಕೆಮ್ಮಬೇಕಾಗ್ತಿತ್ತು." ಆಯಿ ಸೊಟ್ಟ ಹಣ್ಣಿನ ಮೈಯ ಉಸುಕನ್ನು ಸೆರಗಿನಿಂದ ಒರೆಸಿದಳು. "ಈಗೀಗ ಕೆಮ್ಮಂಗಿಲ್ಲ. ಕಲ್ತಾಳ. ಹೇಳಿಕೊಟ್ಟಿದ್ರ ಕಲೀತಿದ್ದಿಲ್ಲ, 'ನನಗೆಲ್ಲಿ ಬರತೈತಿ ಅತ್ತಿ' ಅಂತಿದ್ಲು. ನನ್ನ ಕಾಯಬೇಕು ಅಂತ ಕಲ್ತಾಳ. ನಿಮ್ಮವ್ವಗ ಹೇಳಬ್ಯಾಡ ಮತ್ತ."

ಹೀಗೆ ಒಂದೇ ಬೆಳಗಿನಲ್ಲಿ ಇಬ್ಬರೂ ನನ್ನ ಬಾಯಿಗೆ ಬೀಗ ಹಾಕಿದರು. ಆ ಎರಡೂ ಬೀಗಗಳನ್ನು ಅವರಿಬ್ಬರೂ ಇರುವವರೆಗೆ ನಾನು ತೆಗೆಯಲಿಲ್ಲ. ಸೊಟ್ಟ ಹಣ್ಣನ್ನು ಹೌಜಿಗೆ ಬಿಟ್ಟು ಟವೆಲ್ಲು ಹೊದಿಸಿ ಬಂದೆ. ಅಪ್ಪನ ಹಣ್ಣು ದೊಡ್ಡದು, ಮಿರಿಮಿರಿ ಮಿಂಚುವಂಥದು. ಕೊರೆದ ಚೌಕಕ್ಕೆ ನೀರು ಹೋಗಬಾರದೆಂದು ಅದು ಪಡಸಾಲೆಯ ಸ್ಟೂಲಿನ ಮೇಲೆ ಕೂತಿತ್ತು, ಬಾಸಿಂಗ ಕಟ್ಟಿಸಿಕೊಂಡ ಮದುಮಗನ ಹಾಗೆ.

ಬೀಗರು ಲಿಂಗಸೂಗೂರಿನವರು. ಅಪ್ಪನ ತಂಗಿ ಗಿರಿಜತ್ತಿಯನ್ನು ಕೊಟ್ಟ ಮನೆ. ಅಂದು ಬಂದವರು ಗಿರಿಜತ್ತಿ, ಅವಳ ಗಂಡ, ಮತ್ತು ಅವಳ ಅತ್ತೆ. ಈ ಬೀಗತಿ ದಪ್ಪ ಮೂಗುತಿಯ, ದಪ್ಪ ಮಾತಿನ ಹೆಂಗಸು. ಬಸ್ಸಿಳಿದು ಕಾಲಿಗೆ ನೀರು ಹಾಕಿಸಿಕೊಳ್ಳುವಾಗಲೇ ಶುರುಮಾಡಿದರು:

"ಸಿಂಧನೂರಂದ್ರ ಕೆನಾಲಿನ ಊರು ಅಂತಾರ. ಕೆನಾಲು ಒಣಗಿ ನಾಯಿ ಮಲಗ್ಯಾವಲ್ರೀ ಅದರಾಗ."

"ನಿಮ್ಮ ಊರಿನ್ಯಾಗ ನಾಯಿ ಮಲಗಾಕ ಕೆನಾಲರ ಎಲ್ಲೈತ್ರೀ," ಎಂದು ಅಪ್ಪ ನಕ್ಕ. ಗಿರಿಜತ್ತಿ ಗಾಬರಿಯಿಂದ ಅತ್ತೆಯ ಮುಖ ನೋಡಿದಳು. ಬೀಗತಿಯೂ ನಕ್ಕಾಗ ಅವಳ ಭುಜ ಇಳಿಯಿತು.

ಹೋಳಿಗೆಯ ಊಟ ಮುಗಿಯಿತು. ಪಡಸಾಲೆಯ ನಡುವೆ ಗೋಣಿ ಹಾಸಿ ದೊಡ್ಡ ಪರಾತ ಇಟ್ಟರು. ಬೀಗತಿ ನನ್ನನ್ನು ಹತ್ತಿರ ಕರೆದರು.

"ಕಾನ್ವೆಂಟಿಗಿ ಹೋಗ್ತೀಯಂತಲ್ಲವಾ. ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ?"

"ವಾಟರ್ ಮೆಲನ್."

"ಹಂಗಂದ್ರ?"

"ನೀರಿನ ಹಣ್ಣು ಅಂತ ಅಜ್ಜಿ."

"ಇಷ್ಟು ಹೇಳಿಕೊಡಾಕ ಅಷ್ಟು ದೊಡ್ಡ ಸಾಲಿ ಕಟ್ಯಾರ," ಎಂದು ನನ್ನ ಗಲ್ಲ ಹಿಂಡಿದರು.

ಅಪ್ಪ ತನ್ನ ಹಣ್ಣನ್ನು ಮೊದಲು ತಂದ. ಕುಂಕುಮದಂಥ ಚೌಕವನ್ನು ಎಳೆದು ತೋರಿಸಿದ. ಅದು ಹೊರಬಂದ ಕ್ಷಣವೇ ಹುಳಿ ವಾಸನೆ ಬಂತು. ನಿನ್ನೆ ಸಂಜೆಯ ಗಾಯ. ರಾತ್ರಿಯ ಸೆಕೆ ಅದರೊಳಗೇ ಕೂತುಬಿಟ್ಟಿತ್ತು. ಕೊಯ್ದಾಗ ಚೌಕದ ಸುತ್ತ ನೊರೆ ಇತ್ತು. ಬಣ್ಣ ಮಾತ್ರ ಇನ್ನೂ ಕೆಂಪಗೇ ಇತ್ತು, ಅದೇ ಹೆಚ್ಚು ನಾಚಿಕೆ ತರುವಂತಿತ್ತು. ಬೀಗತಿ ಮೂಗಿಗೆ ಸೆರಗು ಹಿಡಿದು, "ಬೀಗರ, ನಮಗ ಸೇಂದಿ ಅಭ್ಯಾಸ ಇಲ್ರೀ," ಅಂದರು. ಅವರ ಮಗ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಅಪ್ಪ ಆ ಹೋಳುಗಳನ್ನು ತಾನೇ ಎತ್ತಿ ಹಿತ್ತಲಿಗೆ ಒಯ್ದ.

ಆಮೇಲೆ ಆಯಿಯ ಹಣ್ಣು. ಹೌಜಿನಿಂದ ಬಂದದ್ದು, ಮೈಯೆಲ್ಲ ಹನಿ. ಅವ್ವ ಒರೆಸಿ ಕೊಟ್ಟಳು. ಆಯಿ ಚೂರಿಯ ಮೊನೆ ಊರಿದಳು ಅಷ್ಟೇ, ಹಣ್ಣು ಚೂರಿಗಿಂತ ಮುಂದೆ ತಾನೇ ಓಡಿ ಚರ್ರೆಂದು ಬಾಯಿಬಿಟ್ಟಿತು. ಪಡಸಾಲೆಯಲ್ಲಿದ್ದ ಎಲ್ಲರೂ ಆ ಸಪ್ಪಳ ಕೇಳಿದರು, ಕೊಯ್ದವಳೊಬ್ಬಳನ್ನು ಬಿಟ್ಟು. ಆಯಿ ಹಣ್ಣಿನ ಕಡೆ ನೋಡಲಿಲ್ಲ. ತಲೆ ಎತ್ತಿ ಅವ್ವನ ಮುಖ ನೋಡಿದಳು. ಅವ್ವನ ಕಣ್ಣು ಹಣ್ಣಿನೊಳಗೇ ಇತ್ತು. ಅವಳ ಹುಬ್ಬುಗಳು ಕೂಡಿದವು, ಯಾಕೆಂದರೆ ಬಣ್ಣ ಅಪ್ಪನ ಹಣ್ಣಿನಷ್ಟು ಕೆಂಪಾಗಿರಲಿಲ್ಲ.

"ಬಣ್ಣ ಒಂಚೂರು ತಿಳಿ ಐತೇನ್ರೀ," ಬೀಗತಿ ಬಾಗಿ ನೋಡಿದರು. ಬೆಳ್ಳಗೆ ಎನ್ನುವ ಶಬ್ದ ಅವರ ಬಾಯಿಂದ ಬರುತ್ತದೋ ಎಂದು ನಾನು ಕಾಲಿನ ಬೆರಳು ಮಡಚಿಕೊಂಡೆ.

"ಹಳ್ಳದ ಹಣ್ಣು ಮುಖಕ್ಕ ಬಣ್ಣ ಹಚಗೊಳ್ಳಂಗಿಲ್ರೀ ಬೀಗತಿಯವರ. ಬಾಯಾಗ ಹಾಕ್ಕೊಂಡು ಮಾತಾಡ್ರಿ," ಎಂದು ಆಯಿ ನಡುವಿನ ಹೋಳನ್ನೇ ತೆಗೆದು ಕೊಟ್ಟಳು. ಬೀಜ ಸುತ್ತುವರಿಯುವ ಮೊದಲಿನ ಆ ಎದೆಯ ಭಾಗ, ನಮ್ಮ ಮನೆಯಲ್ಲಿ ಎಲ್ಲರೂ ಜಗಳವಾಡುತ್ತಿದ್ದದ್ದು ಅದಕ್ಕೇ. ಸಕ್ಕರೆ ಹರಳು ಮುರಿದಂತೆ ಹರಳು ಹರಳಾಗಿತ್ತು. ಬೀಗತಿ ಬಾಯಿಗೆ ಹಾಕಿಕೊಂಡರು. ಅಷ್ಟು ಹೊತ್ತು ಬಿಡುವಿಲ್ಲದೆ ಆಡುತ್ತಿದ್ದ ಬಾಯಿ ಸುಮ್ಮನಾಯಿತು. ಮೊಣಕೈವರೆಗೆ ರಸ ಇಳಿಯಿತು, ಅವರು ಒರೆಸಿಕೊಳ್ಳಲಿಲ್ಲ. ಕೈ ಮುಂದೆ ಚಾಚಿದರು, ಇನ್ನೊಂದು ಹೋಳಿಗೆ. ಗಿರಿಜತ್ತಿ ಮದುವೆಯಾದ ಮೇಲೆ ಅತ್ತೆಯ ಎದುರು ಮೊದಲ ಸಲ ಬೀಜವನ್ನು ಪರಾತಕ್ಕೆ ತುಪ್ಪೆಂದು ಉಗುಳಿದಳು, ಹುಡುಗಿಯಾಗಿದ್ದಾಗ ಉಗುಳುತ್ತಿದ್ದ ಹಾಗೆ.

ಬಿಸಿಲು ಸ್ವಲ್ಪ ಇಳಿಯಲಿ ಎಂದು ಅವರು ಕೂತಿದ್ದಾಗ ಬೀಗತಿ ಆಯಿಯ ಎರಡೂ ಕೈ ಹಿಡಿದುಕೊಂಡು ಅಂದರು:

"ಇಂಥಾದ್ದೊಂದು ನಮ್ಮ ಮನಿಯವರಿಗಿ ಕಟ್ಟಿಕೊಡ್ರೀ. ಮಂಡಿ ನೋವಂತ ಬಂದಿಲ್ಲ. ಲಿಂಗಸೂಗೂರಿಗಿ ಹೋಗಿ ನಾ ಹೇಳಿದ್ರ ನಂಬಂಗಿಲ್ಲ."

ಆಯಿ ತನ್ನ ಕೈ ಬಿಡಿಸಿಕೊಂಡು ಏಳಬಹುದಿತ್ತು. ಏಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿ, ಉಪ್ಪಿನ ಡಬ್ಬಿ ತಾ ಎನ್ನುವಷ್ಟು ಸಹಜವಾಗಿ ಅಂದಳು:

"ನೀನ ಹೋಗಿ ಒಂದು ಆರಿಸಿಕೊಂಡು ಬಾರವಾ."

ಅವ್ವ ಕೈಯಲ್ಲಿದ್ದ ಅರಿವೆಯನ್ನು ಮಡಚಿದಳು, ಬಿಚ್ಚಿದಳು. ಅವಳು ಎಂದೂ ಆ ಮಂಚದ ಮುಂದೆ ಕೂತದ್ದನ್ನು ನಾನು ನೋಡಿರಲಿಲ್ಲ, ಹಿಂದೆ ನಿಂತದ್ದನ್ನು ಮಾತ್ರ ನೋಡಿದ್ದೆ. "ನನಗೆಲ್ಲಿ..." ಎಂದು ಬಾಯಿಗೆ ಬಂದದ್ದನ್ನು ಬೀಗರ ಮುಂದೆ ನುಂಗಿ, ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು ಒಳಗೆ ಹೋದಳು. ಕೋಣೆಯಿಂದ ಸಪ್ಪಳ ಬಂತು. ಹಣೆ. ಹಣೆ. ತಡೆದು ತಡೆದು, ಮತ್ತೆ ಹಣೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬೀಗತಿ ಸೊಸೆಯ ತವರಿನ ಹೋಳಿಗೆಯಲ್ಲಿ ಏಲಕ್ಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಿಚಾರ ಎತ್ತಿದ್ದರು. ಆಯಿ ಅವರ ಬಾಯಿಯನ್ನೇ ನೋಡುತ್ತ ತಲೆದೂಗುತ್ತಿದ್ದಳು, ಆದರೆ ಅವಳ ಎಡ ಅಂಗೈ ತೊಡೆಯ ಮೇಲೆ ಬೊಗಸೆಯಂತೆ ತೆರೆದೇ ಇತ್ತು. ಒಳಗಿನಿಂದ ಕೊನೆಗೊಂದು ಸಪ್ಪಳ ಬಂತು, ತುಂಬಿದ ಎದೆಯದು. ಅದರ ಹಿಂದೆಯೇ, ಖಾತ್ರಿ ಮಾಡಿಕೊಳ್ಳಲು ಎಂಬಂತೆ, ಮತ್ತೊಮ್ಮೆ ಅದೇ.

ಅವ್ವ ಹಣ್ಣನ್ನು ಮಗುವಿನಂತೆ ಎತ್ತಿಕೊಂಡು ಬಂದಳು. ಆಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಒಂದು ಸಲ ಬಾರಿಸಿದಳು, ಎಡಗೈ ಅಡಿಗೆ ಕೊಟ್ಟು. ಅವ್ವ ಅವಳ ಕೈಯನ್ನೇ ನೋಡುತ್ತಿದ್ದಳು. ಆಯಿ ಹಣ್ಣನ್ನು ನೇರ ಬೀಗತಿಯ ಮಡಿಲಿಗೆ ಇಟ್ಟಳು.

"ಹೊಟ್ಟಿ ಕೆಳಗ ಮಾಡಿ ಒಯ್ರಿ," ಅಂದಳು.

ಸಂಜೆ ಬಸ್ಸಿಗೆ ಅವರನ್ನು ಹತ್ತಿಸಿ ಬಂದ ಅಪ್ಪ ಅಂಗಡಿಗೆ ಹೋಗದೆ ನೇರ ಅಡುಗೆಮನೆಗೆ ಹೋದ. ಸ್ಟೂಲು ಎಳೆದ ಸಪ್ಪಳ, ಹಂಡೆ ಸರಿಸಿದ ಸಪ್ಪಳ. ಮಸ್ಕಿ ಚೀಲವನ್ನು ಅಂಗಳಕ್ಕೆ ತಂದು ಕೊಡವಿದ. ಹಳೆಯ ಹೊಟ್ಟು ಹಾರಿ ಅವನ ಬಿಳಿ ಅಂಗಿಯ ಮೇಲೆಲ್ಲ ಕೂತಿತು. ಅದನ್ನು ಗೂಟಕ್ಕೆ ಹಾಕಿ, ಆಯಿಯ ಎದುರು ಬಂದು ನಿಂತು, ಈ ಸಲ ಒದರದೆ, ಅವಳಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಅಂದ:

"ಅತ್ತಿ ಸೊಸಿ ಕೂಡೇ ಹೋಗ್ರಿ. ಬಸ್‌ಸ್ಟ್ಯಾಂಡಿನ್ಯಾಗ ಮಾತ್ರ ಅಕಿ ಕೈ ಬಿಡಬ್ಯಾಡ."

"ಅಂಗಡಿ ನೋಡ್ಕೊ ಹೋಗು," ಅಂದಳು ಆಯಿ. ಅಷ್ಟು ಹೇಳಿ ವಿಭೂತಿಯ ಬಟ್ಟಲು ಹುಡುಕುವವಳಂತೆ ದೇವರ ಕೋಣೆಗೆ ಎದ್ದುಹೋದಳು. ವಿಭೂತಿ ಅವಳ ಹಣೆಯ ಮೇಲೆ ಬೆಳಗಿನದೇ ಇನ್ನೂ ಚೆನ್ನಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಶಾರದಕ್ಕ ಎಮ್ಮೆಗೆ ಸಿಪ್ಪೆ ಒಯ್ಯಲು ಬುಟ್ಟಿ ಹಿಡಿದು ಬಂದರು. ಅವ್ವ ಕಟ್ಟೆಯ ಮೇಲೆ ಕೂತು ಬೀಜ ತೊಳೆಯುತ್ತಿದ್ದಳು, ನಾನು ಪಕ್ಕದಲ್ಲಿ ಜೊಳ್ಳು ಬೀಜ ಆರಿಸುತ್ತಿದ್ದೆ. ಶಾರದಕ್ಕ ಸಿಪ್ಪೆಯನ್ನು ಬುಟ್ಟಿಗೆ ತುಂಬಿಕೊಂಡು ಸೊಂಟಕ್ಕೆ ಏರಿಸಿ, ಹೊರಟವರು ಮೆಟ್ಟಿಲ ಮೇಲೆ ನಿಂತು, ಆಕಳಿಸುತ್ತ ಅಂದರು:

"ನಿಮ್ಮ ಹಣ್ಣಿನ ಕೋಣಿ ಗೋಡಿಗಿ ತಲಿ ಕೊಟ್ಟು ಮಲಗಿದ್ನೆವಾ ಮಧ್ಯಾಹ್ನ, ನಿಮ್ಮತ್ತಿ ಹಣ್ಣು ಬಾರಸೋ ಸಪ್ಪಳಕ್ಕ ಎಚ್ಚರಾತು. ಕಡೀಕ ಬಾರಿಸಿದ್ದು ಕೇಳಿನ ಅನ್ಕೊಂಡೆ, ಇದು ಹಣ್ಣು ಅಂತ. ನೀ ಎಷ್ಟು ವರ್ಷ ಅಕಿ ಹಿಂದ ನಿಂತ್ರೂ ಆ ಕೈ ನಿನಗ ಬರಂಗಿಲ್ಲ ಬಿಡು."